ಹಾಯಿಯ ಕೆಳಗಿನ ಬಾಣಂತಿ

ಬೀದರದ ಮೈಲೂರಿನ ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿರುವ ಹುಡುಗಿ ಹಡೆದಿದ್ದಾಳೆ. ಗಂಡನಿಗೆ ಕೊಳಾರದ ಕಾರ್ಖಾನೆಯಲ್ಲಿ ಕೆಲಸ, ತವರು ದೂರ. ತೊಟ್ಟಿಲಿಗೆ ಚಾವಣಿಯಲ್ಲಿ ಕೊಂಡಿ ಹೊಡೆಸಲೇ ಎಂದು ಕೇಳಿದಳು. ಹೊಸ ಬಣ್ಣ ಹಾಳಾದೀತೆಂದು, ಕಬ್ಬಿಣದ ಸ್ಟ್ಯಾಂಡ್ ತರಲು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಬಾಣಂತಿ ಕೋಣೆಗೆ ಹಾಕಿದ ಲೋಬಾನದ ಹೊಗೆ ಮೆಟ್ಟಿಲಿಳಿದು ಬಂತು. ಆ ವಾಸನೆಗೆ ನನಗೆ ನೆನಪಾಗುವುದು ದೋಣಿ. ನೀವು ನಗಬಹುದು, ಬೀದರ ಸೀಮೆಗೆ ಎಲ್ಲಿಯ ಹಾಯಿದೋಣಿ ಎಂದು ನಾನು ಓದಿದ ಕಾನ್ವೆಂಟಿನ ಸಿಸ್ಟರೂ ನಕ್ಕಿದ್ದರು.

ನಿಜಾಮರ ಕಾಲ. ನೀರಾವರಿ ಖಾತೆಯಲ್ಲಿದ್ದ ಅಪ್ಪ, ಹೈದರಾಬಾದಿನ ಕೆರೆಯೊಂದರಲ್ಲಿ ಹಳತಾಗಿದ್ದ ಹಾಯಿದೋಣಿಯನ್ನು ಬಂಡಿಯ ಮೇಲೆ ತರಿಸಿ, ಔರಾದ ಕಡೆಯ ನಮ್ಮೂರ ಹತ್ತಿರ ಮಾಂಜ್ರಾ ಹೊಳೆಗೆ ಇಳಿಸಿದರು. ನಮ್ಮನ್ನೆಲ್ಲ ಹೊಳೆಗುಂಟ ಸುತ್ತಾಡಿಸುವ ಹುಚ್ಚು. ಹಾಯಿಯ ಕೆಳಅಂಚಿಗೆ ಒಂದು ಅಡ್ಡಗೋಲು ಇರುತ್ತದೆ. ಹಾಯಿ ಇಳಿಸಿದರೆ ಅದೂ ಕೆಳಗೆ ಬೀಳುತ್ತದೆ. ಮೊದಲ ಸವಾರಿಯಲ್ಲಿ ಅದಕ್ಕೆ ಸಿಕ್ಕಿದ್ದು ಅವ್ವನ ತಲೆ.

ಗೋಲನ್ನು ಹಿಡಿದು ನಿಲ್ಲಿಸಲು ದೋಣಿಯ ಹಿಂದುಗಡೆ ಕವಲುಗಂಬ ನೆಡುವುದೆಂದು ಅಪ್ಪ ನಿರ್ಧರಿಸಿದ್ದರು. ಅವ್ವ ಒಪ್ಪಲಿಲ್ಲ.

“ಕವಲಿನಾಗ ಇಟ್ರ ಮೊಣಕಾಲ ಮಟ್ಟಕ್ಕ ನಿಲ್ತದ. ಅದರ ಕೆಳಗ ಕುಂಡ್ರಾಕ ನಾವೇನ್ ಇಲಿ ಏನ್ರಿ? ಹಾಯಿಕಂಬದ ತುದಿಯಿಂದ ಹಗ್ಗ ಬಿಡ್ರಿ, ಬೇಕಾದಷ್ಟು ಎತ್ತಬಹುದು.”

“ಹಗ್ಗ ಓಲಾಡ್ತದ.”

“ಎರಡೂ ಬದಿಗೆ ಇನ್ನೊಂದೊಂದು ಹಗ್ಗ ಜಗ್ಗಿ ಕಟ್ರಿ. ತೊಟ್ಟಿಲ ಕಟ್ಟಿದ ಕೈ ಅವ, ಇಷ್ಟು ಬರಂಗಿಲ್ಲೇನು?”

ಅಪ್ಪ ಸೋತರು. ಎತ್ತಿ ಕಟ್ಟಿದ ಗೋಲಿನ ಮೇಲೆ ಹಾಯಿ ಹೊದಿಸಿದರೆ ಅದೇ ಡೇರೆ. ಅದರ ನೆರಳಲ್ಲಿ ಅವ್ವ ಬುತ್ತಿ ಬಿಚ್ಚುತ್ತಿದ್ದಳು.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮೇಲೆ ಊರು ಬದಲಾಯಿತು. ಗುಂಪುಗಳು ಹಗಲಲ್ಲೇ ಮುಸಲ್ಮಾನರ ಮನೆಗಳಿಗೆ ನುಗ್ಗತೊಡಗಿದವು. ಪಕ್ಕದ ಮನೆಯ ಹಲೀಮಾ ಖಾಲಾ, ನಮಗೆಲ್ಲ ಚಿಕ್ಕಮ್ಮನಂತಿದ್ದವಳು, ಹಸಿ ಬಾಣಂತಿ; ಗಂಡ ಹೈದರಾಬಾದಿನಲ್ಲಿ. ಆಕೆಯನ್ನು ಹೊಳೆ ದಾಟಿಸಿ ಭಾಲ್ಕಿ ಸ್ಟೇಷನ್ನಿಗೆ ಮುಟ್ಟಿಸಬೇಕಿತ್ತು. ಹಾಯಿ ಏರಿಸಿದರೆ ಬೇಗ ದಾಟಬಹುದು, ಆದರೆ ಕೂತವರು ದಡಕ್ಕೆಲ್ಲ ಕಾಣುತ್ತಾರೆ. ಅಪ್ಪ ಹಾಯಿ ಇಳಿಸಿ ಡೇರೆ ಮಾಡಿದರು, ಹುಟ್ಟು ಹಿಡಿದರು. ಒಳಗೆ ಖಾಲಾ, ಕೂಸು, ನಾನು. ಡೇರೆಯ ಬಾಯಿಗೆ ಕೂತ ಅವ್ವ ಕೆಂಡದ ಬೋಗುಣಿಗೆ ಲೋಬಾನ ಹಾಕಿದಳು.

ಆಚೆ ದಡದಲ್ಲಿ ಕೋಲು ಹಿಡಿದವರು ನಿಂತಿದ್ದರು. ಒಬ್ಬ ಹಾಯಿಯ ಅಂಚಿಗೆ ಕೈಯಿಟ್ಟ.

“ಒಳಗ ಯಾರು?”

“ಬಾಣಂತಿ ಅದಾಳಪ್ಪಾ. ಎತ್ತಬ್ಯಾಡ, ಗಾಳಿ ಹತ್ತತದ,” ಎಂದಳು ಅವ್ವ.

“ಯಾರ ಪೈಕಿ?”

“ನಮ್ಮ ಪೈಕಿ. ನಿಮ್ಮವ್ವ ನಿನ್ನ ಹಡದಾಗ ಪರದೆ ಯಾರರೆ ಎತ್ತಿದ್ರೇನು?”

ಹೊಗೆಗೆ ಆತ ಕೆಮ್ಮಿದ. ಹಾಯಿಯ ಮೇಲಿನ ಕೈಯ ನೆರಳು ಸರಿಯಿತು. ಖಾಲಾ ನನ್ನ ಮಣಿಕಟ್ಟು ಹಿಡಿದಿದ್ದಳು. ಬಳೆ ಒಡೆದದ್ದು ಇಬ್ಬರಿಗೂ ತಿಳಿಯಲಿಲ್ಲ.

ಆಕೆಯನ್ನು ರೈಲು ಹತ್ತಿಸಿದೆವು. ಮುಂದೆ ಸುದ್ದಿ ಬರಲಿಲ್ಲ. ಅಪ್ಪ ಮತ್ತೆ ಹಾಯಿ ಏರಿಸಲೂ ಇಲ್ಲ.

ಇವತ್ತು ಬೆಳಿಗ್ಗೆ ನಾನೇ ಗೌಂಡಿಯನ್ನು ಕರೆಸಿದೆ. ಮಾಳಿಗೆಯ ಚಾವಣಿ ಕೊರೆಯುತ್ತ, ಬಾಣಂತಿಗೆ ಅಡ್ಡ ಕಟ್ಟಿದ ಪರದೆಯ ಕಡೆ ನೋಡಿ ಆತ ಕೇಳಿದ:

“ಬಾಣಂತಿ ಯಾರ ಪೈಕಿರಿ ಅಮ್ಮಾ?”

ಬಣ್ಣದ ಪುಡಿ ನನ್ನ ಸೆರಗಿನ ಮೇಲೆ ಉದುರುತ್ತಿತ್ತು.

“ನಮ್ಮ ಪೈಕಿ. ಕೊಂಡಿ ಗಟ್ಟಿ ಕೂಡಸಪ್ಪಾ.”