ಅಕ್ಕ ಕೂರುತ್ತಿದ್ದ ಮರದ ಬುಡ

ಮೊನ್ನೆ ಆಶಾ ಕಾರ್ಯಕರ್ತೆ ಉಣುಗು ಹುಳ ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಕೊಟ್ಟು ಹೋದಳು. ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಪಕ್ಕದ ಮನೆಯ ಅಕ್ಕ ನೆನಪಾದಳು. ದಿನಾ ಬೆಳಿಗ್ಗೆ ಅದನ್ನೇ ಕೈಕಾಲಿಗೆ ಸವರಿಕೊಂಡು, ಕೊಟ್ಟಿಗೆಗೆ ಹಾಸುವ ಒಣ ದರಗೆಲೆ ತರುವ ನೆಪದಲ್ಲಿ ಬುಟ್ಟಿ ಹಿಡಿದು ಊರ ಹಿಂದಿನ ಕಾನುಕಾಡಿಗೆ ಹೊರಡುತ್ತಿದ್ದಳು.

ಆಗ ಅವಳ ಗಂಡ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಹೋಗುವಾಗ ಬಾಡಿರುತ್ತಿದ್ದ ಮುಖ ಬರುವಾಗ ತಿಳಿಯಾಗಿರುತ್ತಿತ್ತು. ನನಗೋ ಗಂಡ, ಮಕ್ಕಳು, ಗದ್ದೆ ಎಲ್ಲ ಇತ್ತು, ಇಲ್ಲದ್ದು ನಿದ್ದೆಯೊಂದೇ. ಎದೆ ಸುಮ್ಮಸುಮ್ಮನೆ ಡವಗುಟ್ಟುತ್ತಿತ್ತು. ಸೊರಬದ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗುತ್ತಿದ್ದೆ. ನನಗಿಂತ ಹೆಚ್ಚು ಕಳೆದುಕೊಂಡವಳು ನನಗಿಂತ ನೆಮ್ಮದಿಯಾಗಿರುವುದು ಯಾವ ನ್ಯಾಯ? ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ನಾನೂ ಜೊತೆಗೆ ಹೋದೆ. ಧೂಪದ ಮರವೊಂದರ ಬುಡದಲ್ಲಿ ಅವಳು ಕಣ್ಣುಮುಚ್ಚಿ ಕೂತಳು. ಶಿಕಾರಿಪುರದ ಕಡೆಯ ಬಯಲಿನಲ್ಲಿ ಬೆಳೆದ ನಾನು ಎಲೆ ಸರಿದರೂ ಬೆಚ್ಚುತ್ತಾ, ಕಾಲ ಮೇಲೆ ಉಣುಗು ಹುಡುಕುತ್ತಿದ್ದೆ.

"ಎಂಥ ಹುಡುಕ್ತೀಯೇ? ಸುಮ್ನೆ ಕೂತ್ಕ ಮಾರಾಯ್ತಿ," ಎಂದು ಅಕ್ಕ ನಕ್ಕಳು.

ಆ ನಗುವನ್ನು ಸಹಿಸಲಾಗಲಿಲ್ಲ. ಅದೇ ವಾರ ಅವಳ ಮಗನಿಗೆ, "ನಿಮ್ಮಮ್ಮ ಕೂರೋ ಮರದ ಹತ್ರ ಮಂಗ ಸತ್ತು ಬಿದ್ದಿತ್ತು ಕಣಪ್ಪ," ಎಂದೆ. ಮಂಗ ಸತ್ತ ಕಡೆ ಓಡಾಡಿದರೆ ಉಣುಗು ಕಚ್ಚಿ ಮಂಗನ ಕಾಯಿಲೆ ಬರುತ್ತದೆಂದು ಕ್ಯಾಸನೂರಿನ ಪಕ್ಕದ ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಅಲ್ಲಿ ಯಾವ ಮಂಗನೂ ಸತ್ತಿರಲಿಲ್ಲ. ಮಗ ನೋಡಲೂ ಹೋಗದೆ ತಾಯಿಯ ಬುಟ್ಟಿಯನ್ನು ಅಟ್ಟಕ್ಕೆ ಹಾಕಿದ.

ಮೊದಲ ನಾಲ್ಕು ದಿನ ಖುಷಿಯಾಗಿದ್ದೆ, ಮುಚ್ಚಿಡುವುದೇಕೆ? ಆಮೇಲೆ ಅಕ್ಕ ಮಾತು ಕಡಿಮೆ ಮಾಡಿದಳು. ಮಜ್ಜಿಗೆ ಕಡೆಯುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ಗೋಡೆ ನೋಡುತ್ತಾ... ಮಳೆ ಹಿಡಿದು ಕಾಯಿಲೆಯ ಭಯ ಇಳಿದರೂ ಮಗ ಅವಳನ್ನು ಕಾನಿಗೆ ಬಿಡಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಬೇಲಿಯ ಹತ್ತಿರ ಬಂದು, "ನಿನ್ನ ಆ ಮಾತ್ರೆ ಒಂದ್ ಕೊಡೇ. ಕಣ್ಣಿಗೆ ನಿದ್ದೇನೇ ಹತ್ತಲ್ಲ," ಎಂದಳು. ನಿಜ ಹೇಳಬೇಕಾಗಿದ್ದದ್ದು ಆಗ. ನಾನು ಒಳಗೆ ಹೋಗಿ ಮಾತ್ರೆ ತಂದುಕೊಟ್ಟೆ.

ಕೊನೆಗೆ ಅಕ್ಕನ ಮಗಳು ಬಂದು ಅವಳನ್ನು ಶಿಕಾರಿಪುರದ ತನ್ನ ಮನೆಗೆ ಕರೆದೊಯ್ದಳು. ಅಲ್ಲೇ ತೀರಿಕೊಂಡಳೆಂದು ಕಳೆದ ವರ್ಷ ಸುದ್ದಿ ಬಂತು.

ಇವತ್ತು ಬೆಳಿಗ್ಗೆ ಒಬ್ಬಳೇ ಹೋಗಿ ಆ ಮರದ ಬುಡದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ ಎದೆಬಡಿತ ನಿಧಾನವಾಯಿತು, ಕಣ್ಣು ತಾನಾಗಿ ಮುಚ್ಚಿತು. ಅವಳಿಂದ ನಾನು ಏನನ್ನು ಕಿತ್ತುಕೊಂಡೆನೆಂದು ಆಗ ತಿಳಿಯಿತು... ಮತ್ತೆ ಎದೆ ಡವಗುಟ್ಟಿತು. ಅಕ್ಕ ಅಲ್ಲಿಗೆ ಬರೀ ದುಃಖ ತರುತ್ತಿದ್ದಳು. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ನಾನು ತಂದದ್ದು ನಾನೇ ಮಾಡಿದ ತಪ್ಪನ್ನು. ಸತ್ತವಳ ಮೇಲೆ ಇವತ್ತಿಗೂ ನನಗೆ ಹೊಟ್ಟೆಕಿಚ್ಚು, ಅದಕ್ಕೇ.