ಮುಹೂರ್ತಕ್ಕೆ ಕಾಣಿಸಿದ ಐದು ಸಾವಿರ

ಪ್ರೋಗ್ರಾಮಿನ ಆ ಸಾಲನ್ನು ನೆನೆದರೆ ಈಗಲೂ ಹಲ್ಲು ಬಿಗಿಯುತ್ತದೆ. ಒಂದೇ ಸಾಲು. ಕಂಪ್ಯೂಟರಿನ ಕಾರ್ಡು ಚಾಲೂ ಆಗಿದ್ದರೆ ವೇಗ ಐದು ಸಾವಿರ ಎಂದು ಹೇಳು. ಅಷ್ಟೇ ಅದರ ಅರ್ಥ. ಕಾರ್ಡನ್ನು ಕೇಳಬೇಡ, ತಂತಿಯಲ್ಲಿ ನಿಜಕ್ಕೂ ಏನು ಓಡುತ್ತಿದೆ ಎಂದು ನೋಡಬೇಡ, ಸುಮ್ಮನೆ ಐದು ಸಾವಿರ ಎನ್ನು.

ನಮ್ಮ ಆಫೀಸು ವಿನೋಬನಗರದಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿತ್ತು. ಈಗಲೂ ಇದೆ; ನಾನು ಅಲ್ಲಿಲ್ಲ. ಕೆಳಗೆ ಡ್ರಿಲ್ ಶುರುವಾದರೆ ಮೇಲೆ ನಮ್ಮ ಮೇಜು ಗುಂಯ್ ಅನ್ನುತ್ತಿತ್ತು. ಕಾರ್ಖಾನೆಗಳ ಕಂಪ್ಯೂಟರಿಗೆ ಹಾಕುವ ನೆಟ್‌ವರ್ಕ್ ಕಾರ್ಡು ಮಾಡುತ್ತಿದ್ದೆವು. ನನ್ನ ಪಾಲಿನ ಕೆಲಸ ಅದರ ಡ್ರೈವರ್, ಅಂದರೆ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಪ್ರೋಗ್ರಾಂ. ಹಳೇ ಕಾರ್ಡಿಗೆ ಹತ್ತು, ನೂರು, ಸಾವಿರ ಮೆಗಾಬಿಟ್‌ನ ವೇಗಗಳಷ್ಟೇ ಗೊತ್ತಿದ್ದವು. ಹೊಸ ಚಿಪ್ ಬಂದಾಗ ಎರಡೂವರೆ ಸಾವಿರವೂ ಐದು ಸಾವಿರವೂ ಸೇರಿದವು. ಚಿಪ್ಪಿಗೆ ಗೊತ್ತಿದ್ದರೆ ಸಾಲದು, ಡ್ರೈವರಿಗೂ ಗೊತ್ತಿರಬೇಕು. ಇಲ್ಲದಿದ್ದರೆ ತಂತಿಯಲ್ಲಿ ಐದು ಸಾವಿರ ಓಡುತ್ತಿದ್ದರೂ ಪರದೆಯ ಮೇಲೆ ‘ವೇಗ ಗೊತ್ತಿಲ್ಲ’ ಎಂದೇ ಬರುತ್ತದೆ.

ಆ ಎರಡು ವೇಗಗಳನ್ನು ಸೇರಿಸಿದವಳು ನಾನು. ತಂತಿಯ ಎರಡೂ ತುದಿಯ ಕಾರ್ಡುಗಳು ಮೊದಲು ಮಾತಾಡಿಕೊಳ್ಳುತ್ತವೆ: ನನ್ನ ಕೈಲಿ ಇಷ್ಟಾಗುತ್ತದೆ, ನಿನ್ನ ಕೈಲಿ ಎಷ್ಟಾಗುತ್ತದೆ? ಇಬ್ಬರಿಗೂ ಆಗುವುದರಲ್ಲಿ ಹೆಚ್ಚಿನದಕ್ಕೆ ಒಪ್ಪುತ್ತವೆ. ತಂತಿ ಕೆಟ್ಟದ್ದಾಗಿದ್ದರೆ ಒಂದೊಂದೇ ಮೆಟ್ಟಿಲು ಇಳಿಯುತ್ತವೆ. ಕೊನೆಗೆ ಎಲ್ಲಿ ನಿಂತವೋ ಅದನ್ನು ಚಿಪ್ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಡ್ರೈವರ್ ಅದನ್ನು ಓದಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹೊಸ ತಂತಿ, ಇಲಿ ಕಚ್ಚಿದ ತಂತಿ, ಬಾಗಿಲ ಸಂದಿಯಲ್ಲಿ ಜಜ್ಜಿದ ತಂತಿ, ಎಲ್ಲವನ್ನೂ ಹಾಕಿ ನೋಡಿದೆ. ಪ್ರತಿ ಸಲವೂ ನಿಜ ಹೇಳಿತು.

ಆ ದಿನಗಳಲ್ಲಿ ಖುಷಿಯಾಗಿದ್ದೆ ಎಂದು ಬರೆಯಲು ಹೊರಟಿದ್ದೆ. ಹಾಗಿರಲಾರದು. ಆಮೇಲಿನ ಸಿಟ್ಟು ಅದಕ್ಕೂ ಹಿಂದಿನದಕ್ಕೆಲ್ಲ ಸುಣ್ಣ ಬಳಿದು ಚಂದ ಮಾಡಿರಬೇಕು. ಬೆನ್ನು ನೋಯುತ್ತಿತ್ತು, ಅದೊಂದು ಖಾತ್ರಿ.

ಹೊಸ ಕಾರ್ಡಿಗೆ ಸಿಕ್ಕ ಮೊದಲ ಗಿರಾಕಿ ಭದ್ರಾವತಿಯ ಹೊರಗಿನ ಒಂದು ಫೌಂಡ್ರಿ. ಅಲ್ಲಿ ಲಾರಿಗಳ ಬ್ರೇಕ್ ಡ್ರಮ್ ಎರಕ ಹೊಯ್ಯುತ್ತಾರೆ. ಬೆಲ್ಟಿನ ಮೇಲೆ ಸಾಲಾಗಿ ಬರುವ ಡ್ರಮ್ಮುಗಳ ಫೋಟೋವನ್ನು ಕ್ಯಾಮೆರಾ ಹಿಡಿಯುತ್ತದೆ, ನಮ್ಮ ಕಾರ್ಡು ಸಾಗಿಸುತ್ತದೆ. ಇನ್ನೊಂದು ತುದಿಯಲ್ಲಿ ಕೂತ ಹೆಂಗಸು ಪರದೆ ನೋಡಿ, ಬಿರುಕು ಕಂಡರೆ ಕೆಂಪು ಗುಂಡಿ, ಇಲ್ಲದಿದ್ದರೆ ಹಸಿರು ಗುಂಡಿ ಒತ್ತಬೇಕು. ಎಷ್ಟು ದೊಡ್ಡ ಫೋಟೋ ಕಳಿಸಬಹುದೆಂದು ಕ್ಯಾಮೆರಾ ನಮ್ಮ ಡ್ರೈವರನ್ನೇ ಕೇಳುತ್ತದೆ. ಡ್ರೈವರ್ ಹೇಳಿದ್ದನ್ನು ನಂಬುತ್ತದೆ. ಅದಕ್ಕೆ ಬೇರೆ ದಾರಿಯಿಲ್ಲ.

ಫೌಂಡ್ರಿಯ ಯಜಮಾನರ ಮನೆತನಕ್ಕೆ ಗಾಂಧಿ ಬಜಾರಿನಲ್ಲಿ ಹಳೇ ಅಂಗಡಿಯಿದೆ. ಅವರಲ್ಲಿ ಏನೇ ಹೊಸದು ಬಂದರೂ ಅಯ್ನೋರನ್ನು ಕರೆಸಿ, ವಿಭೂತಿ ಹಚ್ಚಿಸಿ, ಕಾಯಿ ಒಡೆಸಿದ ಮೇಲೇ ಸ್ವಿಚ್ ಹಾಕುವುದು. ಹಾಗೆ ಮುಹೂರ್ತದಲ್ಲಿ ಚಾಲೂ ಆದದ್ದನ್ನು ಮುಂದಿನ ಆಯುಧಪೂಜೆಯವರೆಗೆ ಬಿಚ್ಚುವಂತಿಲ್ಲ. ಹಿಂದಿನ ದಿನ ಮಧ್ಯಾಹ್ನ ನಾನೂ ನಮ್ಮ ಆಫೀಸಿನ ಸರ್ ಕೂಡ ಹೋಗಿ ನೋಡಿದೆವು. ಪರದೆಯ ಮೂಲೆಯಲ್ಲಿ ಸಾವಿರ ಎಂದು ಬಂತು.

“ಕೇಬಲ್ ಬದಲಾಯಿಸ್ಬೇಕು ಸರ್. ಕುಲುಮೆ ಪ್ಯಾನಲ್ ಪಕ್ಕದಲ್ಲೇ ಹಳೇದನ್ನ ಎಳ್ದಿದ್ದಾರೆ, ಸಿಪ್ಪೆಯೆಲ್ಲ ಬೆಂದು ಹೋಗಿದೆ,” ಅಂದೆ.

“ಬೆಳಿಗ್ಗೆ ಮುಹೂರ್ತ ಮಾರಾಯ್ತಿ. ಈಗ ಎಲ್ಲಿಂದ ತರ್ಲಿ?”

“ಮುಹೂರ್ತಕ್ಕೆ ಸಾವಿರಾನೇ ತೋರಿಸ್ಲಿ. ಅದರಿಂದೇನಾಯ್ತು?”

“ಐದು ಸಾವಿರ ಅಂತ ಹೇಳಿ ಮಾರಿದೀನಿ. ಕಾಯಿ ಒಡೆಯೋ ಹೊತ್ತಲ್ಲಿ ಸಾವಿರ ಬಂದ್ರೆ ಅಪಶಕುನ ಅಂತಾರೆ. ನೀನು ಮನೆಗೆ ಹೋಗು, ನಾನು ನೋಡ್ಕೋತೀನಿ.”

ಮರುದಿನ ಅಯ್ನೋರು ಕ್ಯಾಮೆರಾದ ಪೆಟ್ಟಿಗೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಸ್ವಿಚ್ ಹಾಕಿದರು. ಮೂಲೆಯಲ್ಲಿ ಐದು ಸಾವಿರ ಎಂದು ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಹೇಗೋ ಹೊಸ ಕೇಬಲ್ ಹಾಕಿಸಿದ್ದಾರೆ ಎಂದುಕೊಂಡು ನಾನೂ ತಟ್ಟಿದೆ. ಅದನ್ನು ನೆನೆದರೆ ಇನ್ನೂ ಸಿಟ್ಟು ಬರುತ್ತದೆ. ನನ್ನ ಕೆಲಸವನ್ನು ಕೊಂದಿದ್ದಾರೆ. ನಾನು ಅಲ್ಲೇ ನಿಂತು ಅದಕ್ಕೆ ಚಪ್ಪಾಳೆ ಹೊಡೆಯುತ್ತಿದ್ದೇನೆ, ಕೈಯಲ್ಲಿ ಬಾಳೆಹಣ್ಣು ಬೇರೆ.

ಕೆಲವು ವಾರ ಕಳೆದ ಮೇಲೆ ಸರ್ ನನ್ನ ಮೇಜಿನ ಹತ್ತಿರ ಬಂದರು.

“ನಾಳೆ ಭದ್ರಾವತಿಗೆ ಹೋಗ್ಬಾ. ಬಿರುಕು ಬಿಟ್ಟ ಡ್ರಮ್ಮುಗಳು ಪಾಸಾಗಿ ಹೋಗಿ, ತಗೊಂಡೋರು ವಾಪಸ್ ಕಳಿಸಿದಾರಂತೆ. ಪರದೆ ಮುಂದೆ ಕೂತಿರೋ ಹೆಂಗಸು ನೋಡದೆ ಹಸಿರು ಒತ್ತಿದಾಳೆ. ಅವಳನ್ನ ತೆಗೆದು ಹಾಕ್ಬೇಕು ಅಂತಿದಾರೆ ಮ್ಯಾನೇಜರು. ನಮ್ಮ ಕಡೆಯದ್ದು ಎಲ್ಲ ಸರಿ ಇದೆ ಅಂತ ನೀನೊಂದು ಮಾತು ಹೇಳಿದ್ರೆ ಮುಗೀತು.”

ನಾನೊಂದು ಮಾತು ಹೇಳಿದರೆ ಆಕೆಯ ಕೆಲಸ ಹೋಗುತ್ತದೆ. ಇಷ್ಟು ಸಲೀಸಾಗಿ ಹೇಳಿ, ಕಾಫಿ ತರಿಸಲಾ ಎಂದು ಕೇಳಿದರು.

ಬೆಳಗಿನ ಬಸ್ಸಿಗೆ ಹೋದೆ. ಆಕೆ ನನಗಿಂತ ಸ್ವಲ್ಪ ದೊಡ್ಡವಳು. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿಯಲ್ಲೇ. ಆ ಹೊತ್ತಿಗೆ ಬೆಲ್ಟ್ ನಿಲ್ಲಿಸಿದ್ದರು. ಆಕೆಯನ್ನು ಪರದೆಯ ಮುಂದಿಂದ ಎಬ್ಬಿಸಿ ಗೋಡೆ ಪಕ್ಕ ಸ್ಟೂಲಿನ ಮೇಲೆ ಕೂರಿಸಿದ್ದರು. ಕಣ್ಣು ತುಂಬಿಕೊಂಡು ಕೂತಿದ್ದಳು ಎಂದು ಒಮ್ಮೆ ಯಾರಿಗೋ ಹೇಳಿದ್ದೆ. ಸುಳ್ಳು. ಕಡಲೆಕಾಯಿ ತಿನ್ನುತ್ತಿದ್ದಳು.

“ಬಂದ್ರಾ, ಸಾಕ್ಷಿ ಹೇಳೋಕೆ?” ಅಂದಳು.

“ನೋಡೋಕೆ ಬಂದೆ.”

“ಏನ್ ನೋಡ್ತೀರ? ನನ್ ಮೂತಿನಾ? ಎಲ್ರೂ ಬಂದು ನೋಡಾಯ್ತು. ನಿದ್ದೆ ಮಾಡೋ ಮೂತಿ ಅಂತೆ.”

“ಏನಾಗುತ್ತೆ ಅಂತ ಹೇಳಿ.”

“ಫೋಟೋ ನಿಂತೋಗುತ್ತೆ ಮೇಡಂ. ಹಿಂದಿನ ಡ್ರಮ್ಮುದೇ ಇರುತ್ತೆ, ಅಷ್ಟ್ರಲ್ಲಿ ಇನ್ನೊಂದು ಡ್ರಮ್ಮು ಹೋಗಿರುತ್ತೆ. ಎಲ್ಲ ಒಂದೇ ಥರ ಇರುತ್ತಲ್ಲ, ನಂಗೇನ್ ಗೊತ್ತಾಗುತ್ತೆ? ಮ್ಯಾನೇಜರ್ ಸಾರಿಗೆ ಹೇಳ್ದೆ. ಮೂಲೇಲಿ ಐದು ಸಾವಿರ ಅಂತ ಬರ್ತಿದೆ, ಮಷೀನು ಫಾಸ್ಟಾಗಿದೆ, ನಿನ್ ಕಣ್ಣೇ ಸ್ಲೋ ಅಂದ್ರು. ಇಡೀ ಶಿಫ್ಟಿನ ಮುಂದೆ. ನಿಮ್ ಮಷೀನು ತಾನೇ ಅದು?”

ಹೌದು ಅಂದೆ. ಸಿಪ್ಪೆಯನ್ನು ನನ್ನ ಕಾಲ ಹತ್ತಿರ ಉದುರಿಸಿದಳು.

ಕುಲುಮೆ ಪ್ಯಾನಲ್ ಕಡೆ ನಡೆದೆ. ಅದೇ ಕೇಬಲ್, ಅದೇ ಬೆಂದ ಸಿಪ್ಪೆ. ಲ್ಯಾಪ್‌ಟಾಪ್ ತೆಗೆದು, ಡ್ರೈವರನ್ನು ಬದಿಗಿಟ್ಟು, ನೇರವಾಗಿ ಚಿಪ್ಪನ್ನೇ ಕೇಳಿದೆ. ಸಾವಿರ, ಅಂದಿತು ಚಿಪ್. ಪರದೆ ಐದು ಸಾವಿರ ಅನ್ನುತ್ತಲೇ ಇತ್ತು. ಆಗ ಡ್ರೈವರಿನ ಒಳಗೆ ಹುಡುಕಿದೆ. ನಾನು ಚಿಪ್ಪನ್ನು ಓದಲೆಂದು ಬರೆದಿದ್ದನ್ನೆಲ್ಲ ಅಳಿಸಿ, ಅದರ ಜಾಗದಲ್ಲಿ ಆ ಒಂದು ಸಾಲು ಕೂರಿಸಿದ್ದರು. ಕ್ಯಾಮೆರಾ ಅದನ್ನು ನಂಬಿ ಐದು ಸಾವಿರಕ್ಕೆ ತಕ್ಕಷ್ಟು ದೊಡ್ಡ ಫೋಟೋಗಳನ್ನು ನೂಕುತ್ತಿತ್ತು, ಸಾವಿರದ ತಂತಿಯಲ್ಲಿ ಹಿಡಿಸದವು ದಾರಿಯಲ್ಲೇ ಬಿದ್ದುಹೋಗುತ್ತಿದ್ದವು.

ಸರ್‌ಗೆ ಫೋನ್ ಮಾಡಿದೆ.

“ಸರ್, ಈ ಐದು ಸಾವಿರದ ಸಾಲು ಯಾರು ಹಾಕಿದ್ದು?”

ಹಲ್ಲಿನ ಡ್ರಿಲ್ ಸದ್ದಿನ ಮೇಲೆ ಸರ್ ದನಿ ಏರಿಸಿದರು.

“ಅಯ್ಯೋ, ಅದು ಮುಹೂರ್ತಕ್ಕೆ ಅಂತ ಹಾಕಿದ್ದು ಮಾರಾಯ್ತಿ. ತೆಗೆಯೋದು ಮರ್ತೇ ಹೋಯ್ತು. ಈಗ ತೆಗೆದುಬಿಡು. ಏನೋ ಅಪ್‌ಡೇಟ್ ಮಾಡಿದ್ವಿ ಅಂತ ಹೇಳು, ಸಾಕು.”

“ಈ ಹೆಂಗಸಿನ ಕೆಲಸ?”

“ಅದು ಅವರ ಫ್ಯಾಕ್ಟರಿ ವಿಷ್ಯ. ನಾವ್ಯಾಕೆ ಮಧ್ಯೆ ಹೋಗ್ಬೇಕು?”

“ಮಧ್ಯೆ ಹೋಗಿ ಕೂತಿರೋದೇ ನೀವು.”

“ತ್ಯಾವರೆಕೊಪ್ಪದ ಸಫಾರಿ ಹುಲಿ ಥರ ಗುರ್ ಅನ್ಬೇಡ. ಗಿರಾಕಿ ಹೋದ್ರೆ ನಿನ್ ಕೆಲ್ಸಾನೂ ಹೋಗುತ್ತೆ.”

“ಆ ಹುಲಿಗೆ ಬೇಲಿ ಇದೆ ಸರ್, ನನಗಿಲ್ಲ,” ಎಂದು ಹೇಳಿ ಫೋನ್ ಇಟ್ಟೆ ಎಂದು ನೆನಪು. ಆದರೆ ಜಗಳದಲ್ಲಿ ಇಷ್ಟು ಚೆನ್ನಾಗಿ ಮಾತಾಡುವವಳಲ್ಲ ನಾನು. ಬಹುಶಃ ಇಟ್ಟ ಮೇಲೆ ಹೊಳೆದದ್ದು.

ಸುಳ್ಳು ಹೇಳಿದ್ದಕ್ಕಿಂತ ಆ ‘ಮರ್ತೇ ಹೋಯ್ತು’ ನನ್ನನ್ನು ಉರಿಸಿತು. ಅವರು ಮರೆತು ಊಟ ಮಾಡಿದರು, ಮರೆತು ನಿದ್ದೆ ಮಾಡಿದರು. ಆ ಸಾಲು ಮಾತ್ರ ಮರೆಯದೆ ಒಬ್ಬ ಹೆಂಗಸಿನ ವಿರುದ್ಧ ಇಡೀ ದಿನ ಚಾಡಿ ಹೇಳುತ್ತ ಕೂತಿತ್ತು. ಮ್ಯಾನೇಜರಿಗೂ ಅನುಮಾನ ಬರಲಿಲ್ಲ. ಮೂಲೆಯ ಅಂಕಿಯನ್ನು ನಂಬಿದ. ಎದುರಿಗೆ ನಿಂತು, ಫೋಟೋ ನಿಲ್ಲುತ್ತದೆ ಎಂದವಳನ್ನು ನಂಬಲಿಲ್ಲ.

ಅವನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಸಾಲು ತೆಗೆದೆ, ನನ್ನದನ್ನು ವಾಪಸ್ ಹಾಕಿದೆ, ಡ್ರೈವರನ್ನು ಮತ್ತೆ ಎಬ್ಬಿಸಿದೆ. ಐದು ಸಾವಿರ ಹೋಗಿ ಸಾವಿರ ಬಂತು.

“ಏನ್ರೀ ಇದು! ರಿಪೇರಿಗೆ ಅಂತ ಬಂದು ಇದ್ದಿದ್ದನ್ನೂ ಹಾಳು ಮಾಡಿದ್ರಲ್ಲ!”

“ಮೊದಲಿಂದ ಇದ್ದದ್ದು ಇದೇ. ಐದು ಸಾವಿರ ಯಾವತ್ತೂ ಇರ್ಲಿಲ್ಲ. ಬೆಲ್ಟ್ ಹಾಕ್ಸಿ.”

ಬೆಲ್ಟ್ ಹೊರಟಿತು. ಕ್ಯಾಮೆರಾ ಈಗ ಚಿಕ್ಕ ಫೋಟೋ ಕಳಿಸತೊಡಗಿತು, ಆದರೆ ಪ್ರತಿ ಡ್ರಮ್ಮಿಗೂ ಒಂದು. ಯಾವುದೂ ನಿಲ್ಲಲಿಲ್ಲ. ಮೊದಲು ಫೋಟೋಗಳು ಯಾಕೆ ಬಿದ್ದುಹೋಗುತ್ತಿದ್ದವು, ಸಾಲು ಯಾರು ಹಾಕಿದ್ದು, ಎಲ್ಲ ಹೇಳಿದೆ. ಅವನು ತಲೆ ಕೆರೆದುಕೊಂಡ. ಕೊನೆಗೆ ಸ್ಟೂಲಿನ ಕಡೆ ತಿರುಗಿ, “ಆಯ್ತಮ್ಮ, ನಾಳೆಯಿಂದ ಬಾ,” ಅಂದ.

“ನಾಳೆ ಯಾಕೆ ಸಾರ್? ಈಗ್ಲೇ ಕೂತ್ಕೋತೀನಿ. ಆದ್ರೆ ನೀವ್ ಅವತ್ತು ಬೈದಿದ್ದು ಇಲ್ಲಿ, ಇವ್ರೆಲ್ಲರ ಮುಂದೆ. ಇಲ್ಲೇ ಹೇಳಿ.”

“ಏನ್ ಹೇಳ್ಬೇಕು?”

“ನಿಮಗೇ ಗೊತ್ತು.”

ಬೆಲ್ಟಿನ ಪಕ್ಕದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಅವನು ಕ್ಷಮೆ ಕೇಳಿದ ಎಂದು ಬರೆದರೆ ಈ ನೆನಪು ನೀಟಾಗುತ್ತಿತ್ತು. ಕೇಳಲಿಲ್ಲ. “ಮಷೀನಿಂದ ಮಿಸ್ಟೇಕ್ ಆಗಿತ್ತು,” ಅಂದ.

“ಮಷೀನಿಂದ ಅಲ್ಲ. ಚಿಪ್ ಸರಿಯಾಗೇ ಹೇಳ್ತಿತ್ತು. ನಮ್ಮ ಆಫೀಸಿಂದ ಆಗಿದ್ದು,” ಎಂದು ಕೂಗಿದೆ. ನನ್ನ ದನಿ ನನಗೇ ಕರ್ಕಶವಾಗಿ ಕೇಳಿತು.

ಆಕೆ ನನ್ನ ಕಡೆ ತಿರುಗಲೂ ಇಲ್ಲ. “ಯಾರಿಂದಾನೋ ಆಗ್ಲಿ. ನನ್ನಿಂದ ಅಲ್ಲ ಅಂತ ಹೇಳಿ ಸಾರ್.”

ಅವನು ನೆಲ ನೋಡಿಕೊಂಡು, “ಇವಳಿಂದ ಅಲ್ಲ,” ಎಂದು ಗೊಣಗಿದ.

ಆಕೆ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಪರದೆಯ ಮುಂದಿನ ಕುರ್ಚಿಯನ್ನು ಎಳೆದು ಕೂತಳು. ಎಡಗೈ ಕೆಂಪು ಗುಂಡಿಯ ಹತ್ತಿರ, ಬಲಗೈ ಹಸಿರಿನ ಹತ್ತಿರ ಇಟ್ಟು, ತಿರುಗಿ ನೋಡದೆ ಅಂದಳು: “ಕುಲುಮೆ ಸೌಂಡಲ್ಲಿ ಕೇಳಿಸ್ಲಿಲ್ಲ ಸಾರ್. ಇನ್ನೊಂದ್ಸಲ.”