ಏಳನೆಯ ಭಾಗದಲ್ಲಿ ಆ ಹುಡುಗಿ ಹೇಳಿದ್ದು

ಲಾಟೀನು ಹಿಡಿಯುವ ಹುಡುಗಿ ಕೊನೆಗೆ ಲಾಟೀನನ್ನು ಕೆಳಗಿಟ್ಟು ಹೊರಟುಹೋದಳು. ಹೋಗಲಿಲ್ಲ, ಉಳಿದುಕೊಂಡಳು ಎಂದು ನಾನು ಕಲೈವಾಣಿಗೆ ಸುಳ್ಳು ಹೇಳಿದೆ. ಬಾಯಿತಪ್ಪಿ ಅಲ್ಲ, ಬೇಕೆಂದೇ ಹೇಳಿದೆ. ಅದನ್ನು ನಂಬಿ ಅವಳು ತಿರುಪೂರಿಗೆ ಹೋಗುವುದನ್ನು ಬಿಟ್ಟಳು. ಒಂಬತ್ತು ವರ್ಷವಾಯಿತು.

ಒಂದು ಜಪಾನಿ ಕಾರ್ಟೂನಿಗೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ಯಾರಿಗಾದರೂ ಅನ್ನಿಸಬಹುದು. ನನಗೂ ಬಹಳ ದಿನ ಹಾಗೆಯೇ ಅನ್ನಿಸುತ್ತಿತ್ತು — ಅನ್ನಿಸಿದರೆ ಅನುಕೂಲ ಎಂದು ಸುಮ್ಮನಿದ್ದೆ.

ಆಗ ನಾವಿಬ್ಬರೂ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿದ್ದೆವು. ಕಲೈ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯವಳು, ಗಾರ್ಮೆಂಟ್ಸಿನಲ್ಲಿ ಟೈಲರ್. ನಾನು ಬೂದಿಕೋಟೆ ಕಡೆಯವಳು, ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು ರೈಲು ಹಿಡಿಯುತ್ತಿದ್ದೆ. ಒಂದು ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ. ಮಾರಿಕುಪ್ಪಂನಿಂದ ಖಾಲಿಯಾಗಿ ಹೊರಟ ರೈಲಿನಲ್ಲಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕಲೈ ಮಾರಿಕುಪ್ಪಂನಲ್ಲೇ ಹತ್ತಿ ಕಿಟಕಿಯ ಹತ್ತಿರ ಕೂತು, ಪಕ್ಕದ ಸೀಟಿನ ಮೇಲೆ ತನ್ನ ಊಟದ ಬ್ಯಾಗಿಟ್ಟು ನನಗಾಗಿ ಹಿಡಿದಿಡುತ್ತಿದ್ದಳು. ಆ ಸೀಟಿಗಾಗಿ ಮೂರು ಭಾಷೆಯಲ್ಲಿ ಬೈಸಿಕೊಳ್ಳುತ್ತಿದ್ದಳು, ಮೂರರಲ್ಲೂ ತಿರುಗಿ ಬೈಯುತ್ತಿದ್ದಳು.

ನನ್ನ ಚಿಕ್ಕಪ್ಪನ ಮಗಳು ಆ ಕಾರ್ಟೂನಿನ ಮೊದಲ ಸಂಪುಟವನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದಳು. ಏಳು ಭಾಗ. ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಮಾತು ಜಪಾನಿಯಲ್ಲಿ, ಕೆಳಗೆ ಇಂಗ್ಲಿಷ್ ಸಾಲುಗಳು. ಕಲೈ ತಮಿಳು ಮೀಡಿಯಂ. ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುವಷ್ಟರಲ್ಲಿ ಸಾಲು ಹೊರಟುಹೋಗುತ್ತಿತ್ತು. ಹಾಗಾಗಿ ನಾನು ಓದಿ ಹೇಳುತ್ತಿದ್ದೆ — ಹೆಚ್ಚು ಕನ್ನಡ, ಜಗಳ ಬಂದಾಗ ತಮಿಳು. ದೆವ್ವಗಳಿಗೆಲ್ಲ ತೆಲುಗು ಕೊಟ್ಟಿದ್ದೆ. ಎದುರು ಸೀಟಿನ ತೆಲುಗು ಹೆಂಗಸೊಬ್ಬರು ಅದಕ್ಕೆ ಮುನಿಸಿಕೊಂಡು ಎರಡು ದಿನ ನನ್ನ ಮುಖ ನೋಡಲಿಲ್ಲ.

ಕತೆ ಸರಳ. ಸತ್ತರೂ ಊರು ಬಿಡದ ಆತ್ಮಗಳನ್ನು ಬೇಟೆಯಾಡುವ ಒಬ್ಬ ಕತ್ತಿವೀರ. ಆ ಆತ್ಮಗಳು ಒಂದು ಲಾಟೀನಿನ ಬೆಳಕಿನಲ್ಲಿ ಮಾತ್ರ ಕಾಣುತ್ತವೆ. ಲಾಟೀನು ಹಿಡಿದು ಅವನ ಹಿಂದೆ ನಿಲ್ಲುವುದು ಈ ಹುಡುಗಿಯ ಕೆಲಸ. ಬೆಳಕು ಹಿಡಿದವರು ಮುಂದಿರಬೇಕು, ಹಿಂದೆ ನಿಲ್ಲಿಸುವುದು ಯಾವ ಸೀಮೆಯ ನ್ಯಾಯ ಎಂದು ಕಲೈ ಮೊದಲ ದಿನವೇ ತಕರಾರು ತೆಗೆದಳು. ಅವಳ ತಾತ ಗಣಿಗೆ ಇಳಿದವರು.

ನಾನು ಕತ್ತಿವೀರನನ್ನು ನೋಡುತ್ತಿದ್ದೆ, ಕಲೈ ಹುಡುಗಿಯನ್ನು. ಮೊದಲ ಭಾಗದಲ್ಲಿ ಅವಳು ಕಣ್ಣು ಮುಚ್ಚಿಕೊಂಡೇ ಲಾಟೀನು ಹಿಡಿಯುತ್ತಾಳೆ. ಮೂರನೆಯದರಲ್ಲಿ ಒಂದು ಕಣ್ಣು ತೆರೆಯುತ್ತಾಳೆ. ಐದನೆಯದರಲ್ಲಿ, ಉರಿ ಯಾವ ಕಡೆ ವಾಲಿದರೆ ಆತ್ಮ ಎಲ್ಲಿದೆ ಎಂಬುದನ್ನು ಅವಳೇ ಕಂಡುಕೊಂಡು ಅವನಿಗೆ ಹೇಳುತ್ತಾಳೆ. ಊರಿನವರು ಹೊಗಳುವುದು ಮಾತ್ರ ಅವನನ್ನು. ಇದನ್ನೆಲ್ಲ ನನಗೆ ತೋರಿಸಿಕೊಟ್ಟದ್ದು ಕಲೈ. ಸಾಲು ಓದುವ ಗಡಿಬಿಡಿಯಲ್ಲಿ ನಾನು ಮುಖಗಳನ್ನು ನೋಡಿರಲೇ ಇಲ್ಲ. ಸಾಲು ಓದಲಾಗದ ಅವಳು ಮುಖಗಳನ್ನೇ ಓದಿದ್ದಳು. ಐದನೆಯ ಭಾಗ ಮುಗಿದಾಗ, ಈ ಹುಡುಗಿ ಇಲ್ಲಿ ಬಹಳ ದಿನ ಇರುವವಳಲ್ಲ ಎಂದಿದ್ದಳು.

ಅದೇ ವಾರ ತಿರುಪೂರಿನ ಮಾತು ಬಂತು. ಅವಳ ಗಾರ್ಮೆಂಟ್ಸಿನವರು ಅಲ್ಲಿ ಹೊಸ ಘಟಕ ತೆರೆಯುತ್ತಿದ್ದರು. ಹೊಸಬರಿಗೆ ಹೊಲಿಗೆ ಕಲಿಸಲು ಇಲ್ಲಿಂದ ಒಬ್ಬಳು ಬೇಕಿತ್ತು, ಸೂಪರ್‌ವೈಸರ್ ಮೇಡಂ ಕಲೈಯ ಹೆಸರು ಹೇಳಿದ್ದರು. ಹೋಗಲು ಅವಳಿಗೆ ಆಸೆಯಿತ್ತು, ಭಯವೂ ಇತ್ತು. ಲೈನಿನ ಅಮ್ಮನ ಗುಡಿಯಲ್ಲಿ ಹೂವು ಕೇಳಿದಳು — ಬಲಗಡೆಯ ಹೂವು ಬಿದ್ದರೆ ಹೋಗುವುದು, ಎಡಗಡೆಯದು ಬಿದ್ದರೆ ಬಿಡುವುದು. ಅರ್ಧ ಗಂಟೆ ನಿಂತರೂ ಯಾವ ಕಡೆಯದೂ ಬೀಳಲಿಲ್ಲ. ಮರುದಿನ ಉತ್ತರ ಕೊಡಬೇಕಿತ್ತು. ರೈಲಿನಲ್ಲಿ ನಾನು ಏಳನೆಯ ಭಾಗ ಹಾಕುವಾಗ ಅವಳೆಂದಳು:

"ಅಮ್ಮ ಊವೇ ಕೊಡ್ಲಿಲ್ಲ ಕಣೆ. ಈ ಉಡ್ಗಿ ಏನ್ ಮಾಡ್ತಾಳೋ ನಾನೂ ಅದೇ ಮಾಡ್ತೀನಿ."

ನಾನು ಆ ಭಾಗವನ್ನು ಹಿಂದಿನ ಸಂಜೆಯೇ ನೋಡಿಬಿಟ್ಟಿದ್ದೆ. ಹುಡುಗಿ ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು. ನನ್ನ ತಲೆಗೆ ಮೊದಲು ಬಂದದ್ದು ಏನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ — ನಾಳೆಯಿಂದ ನನ್ನ ಸೀಟು ಹೋಯಿತು ಎಂಬುದು. ಎರಡನೆಯದು ಅದಕ್ಕಿಂತ ಸ್ವಲ್ಪ ಮರ್ಯಾದೆಯದು. ಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ನನ್ನ ಬಾಯಿಂದ ಮುಂದೇನು ಬರುತ್ತದೆ ಎಂದು ಯಾರೂ ಕಾದವರಲ್ಲ. ಕಲೈ ಕಾಯುತ್ತಿದ್ದಳು. ಅವಳನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಏಳನೆಯ ಭಾಗದ ಕೊನೆಯಲ್ಲಿ ಹುಡುಗಿ ಕತ್ತಿವೀರನಿಗೆ ಹೇಳುವ ಮಾತು ಇದು: ಇಷ್ಟು ದಿನ ನಿಮಗೆ ಕಾಣಲಿ ಎಂದು ಹಿಡಿದೆ, ಇನ್ನು ನನಗೆ ಏನು ಕಾಣುತ್ತದೋ ನೋಡಿಬರುತ್ತೇನೆ. ನಾನು ಕಲೈಯ ಕಿವಿಯಲ್ಲಿ ಹೇಳಿದ್ದು:

"ನಾನಿಲ್ದಿದ್ರೆ ಇವರಿಗೆ ಕತ್ಲೆ. ನಾನೆಲ್ಲೂ ಓಗಲ್ಲ."

ತೆರೆಯ ಮೇಲೆ ಹುಡುಗಿ ಲಾಟೀನನ್ನು ಕಲ್ಲಿನ ಮೇಲಿಟ್ಟು ಗದ್ದೆಯ ಬದುವಿನಲ್ಲಿ ನಡೆಯುತ್ತಿದ್ದಳು. "ಮತ್ತೆ ಓಯ್ತಾವ್ಳಲ್ಲೇ?" ಎಂದಳು ಕಲೈ. ಅದು ನಿಜವಲ್ಲ, ಆತ್ಮವೊಂದು ಅವಳಿಗೆ ತೋರಿಸುತ್ತಿರುವ ಕೆಟ್ಟ ಕನಸು ಎಂದೆ. ಅಂಥ ಕತೆಗಳಲ್ಲಿ ಏನು ಹೇಳಿದರೂ ನಡೆಯುತ್ತದೆ. ಕಲೈ ಆ ಹುಡುಗಿಯ ಮುಖವನ್ನು ಇನ್ನೊಂದಿಷ್ಟು ಹೊತ್ತು ನೋಡಿದಳು. ತನ್ನ ಕಣ್ಣಿಗೆ ಕಂಡದ್ದು ಒಂದು, ನನ್ನ ಬಾಯಿ ಹೇಳಿದ್ದು ಇನ್ನೊಂದು — ಅವಳು ನನ್ನ ಬಾಯನ್ನು ನಂಬಿದಳು. ಸರಿ ಬಿಡು ಎಂದು ಇಯರ್‌ಫೋನ್ ತೆಗೆದಳು. ವೈಟ್‌ಫೀಲ್ಡ್ ದಾಟುವಾಗ ಮೇಡಂಗೆ ಫೋನ್ ಮಾಡಿ, ಬರುವುದಿಲ್ಲ ಎಂದು ಹೇಳಿಬಿಟ್ಟಳು. ಗುಡಿಯ ಹೂವನ್ನು ಪೂಜಾರಿ ಕೈಯಾರೆ ತಳ್ಳಿ ಬೀಳಿಸಿದ ಹಾಗಾಯಿತು. ಪೂಜಾರಿಗೆ ಆ ದಿನ ಸಂತೋಷವೇ ಆಗಿತ್ತು.

ಎರಡನೆಯ ಸಂಪುಟ ಚೆನ್ನಾಗಿಲ್ಲವಂತೆ ಎಂದು ಹೇಳಿ ಅಲ್ಲಿಗೆ ನಿಲ್ಲಿಸಿದೆ.

ಅದಾದ ಮುಂದಿನ ವರ್ಷ ನನಗೆ ಬಂಗಾರಪೇಟೆಯಲ್ಲೇ ಮದುವೆಯಾಯಿತು. ಊರಿನಲ್ಲೇ ಕೆಲಸ ಸಿಕ್ಕಿತು, ರೈಲು ಬಿಟ್ಟೆ. ಹೌದು — ಅವಳು ಹೋಗಬಾರದೆಂದು ಅಷ್ಟು ಮಾಡಿದ ನಾನು ಹೋದೆ. ಯಾವ ಲಾಟೀನೂ ನನ್ನ ಕಾಲಿಗೆ ಅಡ್ಡ ಬರಲಿಲ್ಲ. ನಾನು ಬಿಟ್ಟ ಮೇಲೂ ಒಂದು ವಾರ ತನ್ನ ಕೈ ತಾನಾಗಿ ಪಕ್ಕದ ಸೀಟಿನ ಮೇಲೆ ಬ್ಯಾಗಿಡುತ್ತಿತ್ತು ಎಂದು ಕಲೈ ನಗುತ್ತಾ ಹೇಳಿದಳು. ಆಮೇಲೆ ಬೆಂಗಳೂರಿನ ಘಟಕ ಮುಚ್ಚಿತು. ಈಗ ಅವಳು ಬಂಗಾರಪೇಟೆಯಲ್ಲಿ ಒಂದು ಸೀರೆ ಅಂಗಡಿಯ ಜಗಲಿಯಲ್ಲಿ ಮೆಷಿನ್ ಹಾಕಿಕೊಂಡು ಫಾಲ್ ಹೊಲಿಯುತ್ತಾಳೆ, ಅಂಚಿಗೆ ಜಿಗ್‌ಜ್ಯಾಗ್ ಹಾಕುತ್ತಾಳೆ. ಅವಳ ಬದಲು ತಿರುಪೂರಿಗೆ ಹೋದವಳ ಕೈಕೆಳಗೆ ಈಗ ನೂರು ಜನರಿದ್ದಾರಂತೆ. ಇದನ್ನೂ ಕಲೈಯೇ ಹೇಳಿದ್ದು, ಸ್ವಲ್ಪವೂ ಹೊಟ್ಟೆಕಿಚ್ಚಿಲ್ಲದೆ. ನನ್ನ ಬ್ಲೌಸುಗಳನ್ನೆಲ್ಲ ಅವಳ ಹತ್ತಿರವೇ ಹೊಲಿಸುತ್ತೇನೆ. ಅದರಿಂದ ಏನೋ ಸರಿಹೋಗುತ್ತದೆ ಎಂದಲ್ಲ — ಅಥವಾ ಹಾಗಂದುಕೊಂಡೇ ಇರಬಹುದು.

ಕಳೆದ ತಿಂಗಳು ಕಲೈ ಫೋನ್ ಮಾಡಿದಳು. ಆ ಕಾರ್ಟೂನು ತಮಿಳಿನಲ್ಲಿ ಬಂದಿದೆಯಂತೆ, ಅಕ್ಕನ ಮಗಳು ಮೋನಿಷಾ ಟಿವಿಯಲ್ಲಿ ಹಾಕಿಕೊಟ್ಟಿದ್ದಾಳಂತೆ. ಆರು ಭಾಗ ಮುಗಿದಿವೆ, ಕೊನೆಯದನ್ನು ನೀನು ಬಂದ ಮೇಲೆಯೇ ನೋಡುತ್ತೇನೆ, ಭಾನುವಾರ ಬಾ ಎಂದಳು. ಮೊದಲು ಹೇಳಿಬಿಡಬೇಕು, ಆಮೇಲೆ ನೋಡುವುದು ಎಂದು ಗಟ್ಟಿ ಮಾಡಿಕೊಂಡು ಹೋದೆ. ಚಹಾ ಬಂತು, ಕಡಲೆ ಉಸಲಿ ಬಂತು, ಟಿವಿ ಶುರುವಾಯಿತು. ಹೇಳಲಿಲ್ಲ.

ಹುಡುಗಿ ಲಾಟೀನು ಕೆಳಗಿಟ್ಟಳು. ಆ ಮಾತನ್ನು ಒಳ್ಳೆಯ ತಮಿಳಿನಲ್ಲಿ, ಒಂದಕ್ಷರ ಬಿಡದೆ ಹೇಳಿದಳು. ನಡೆದುಹೋದಳು. ಕಲೈ ನನ್ನ ಕಡೆ ತಿರುಗಿದಳು.

"ತಮಿಳ್ನೋರು ತಪ್ಪಾಗಿ ಏಳವ್ರೆ ಕಣೆ. ನೀನ್ ಏಳಿದ್ದೇ ಸರಿ."

ಇಲ್ಲ ಚಿತ್ತಿ, ಇಂಗ್ಲಿಷಿನಲ್ಲೂ ಹೀಗೆಯೇ ಇದೆ ಎಂದಳು ಮೋನಿಷಾ. ನಿನಗೇನು ಗೊತ್ತು, ಇವಳು ಓದಿ ಹೇಳಿದ್ದು ಎಂದು ಕಲೈ ಅವಳನ್ನು ತಮಿಳಿನಲ್ಲಿ ಗದರಿದಳು. ಮೋನಿಷಾ ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು. ಆಗಲಾದರೂ — ಆಗಲೂ ನಾನು "ಇರಬಹುದು" ಎಂದೆ. ಮೊದಲ ಸುಳ್ಳಿಗೆ ಆಗ ನನ್ನ ವಯಸ್ಸು ಚಿಕ್ಕದು ಎಂಬ ನೆಪ ಹೇಳಬಹುದಿತ್ತೇನೋ. ಇದಕ್ಕೆ ಅದೂ ಇಲ್ಲ.

ಅದಕ್ಕೇ ಇದನ್ನು ಬರೆದೆ. ಕಲೈಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಯಾರಾದರೂ ಓದಿ ಹೇಳಬೇಕು. ಮೋನಿಷಾ ಕನ್ನಡ ಶಾಲೆಯಲ್ಲಿ ಓದುವವಳು, ನಾಳೆ ಈ ಹಾಳೆಗಳನ್ನು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂರುತ್ತೇನೆ. ನಾನೇ ಓದಿದರೆ ನಡುವೆ ಎಲ್ಲೋ ಒಂದು ಕಡೆ ಬದಲಾಯಿಸಿಬಿಡುತ್ತೇನೆ, ಮತ್ತು ಕಲೈ ಅದನ್ನೇ ನಂಬುತ್ತಾಳೆ.